ವಿಭೂತಿಯ ಕೆಳಗಿನ ಇನ್ನೂರ ಮೂವತ್ತು

ಹೊಳಲ್ಕೆರೆ, ಹೊರಡುವ ಮೊದಲು

ಅಡಾಪ್ಟರಿನ ಬೆನ್ನ ಮೇಲೆ 100–240 ಎಂದು ಅಚ್ಚಾಗಿತ್ತು. ಅದನ್ನು ನಾನು ಮೂರು ಸಲ ಓದಿದೆ. ಒಮ್ಮೆ ಚಿತ್ರದುರ್ಗದ ಅಂಗಡಿಯಲ್ಲಿ, ಒಮ್ಮೆ ಹೊಸದುರ್ಗದ ನಮ್ಮ ಮನೆಯಲ್ಲಿ ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಹೊಳಲ್ಕೆರೆಯಲ್ಲಿ ಅಕ್ಕನಿಗೆ ಕೇಳಲೆಂದು ಗಟ್ಟಿಯಾಗಿ. ಓದಿದ್ದರಲ್ಲಿ ತಪ್ಪಿರಲಿಲ್ಲ. ಓದಬೇಕಾದ ವಸ್ತು ಅದಾಗಿರಲಿಲ್ಲ, ಅಷ್ಟೇ. ಜಪಾನಿಗೆ ಹೋಗಿ ಬಂದವರು ಹೂವಿನ ಬಗ್ಗೆ, ರೈಲಿನ ಬಗ್ಗೆ ಬರೆಯುತ್ತಾರೆ. ನಾನು ಕಂಡದ್ದು ಹೆಚ್ಚಾಗಿ ಗೋಡೆಗಳನ್ನು, ನೆಲದಿಂದ ಒಂದು ಗೇಣು ಎತ್ತರದಲ್ಲಿ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದವನು. ವೋಲ್ಟೇಜು ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆದವನು. ಈ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಡೆದದ್ದು ತಿಳಿಯದವನ ತಪ್ಪಲ್ಲ.

ಅಕ್ಕ ಗಿರಿಜಮ್ಮ ನನಗಿಂತ ಆರು ವರ್ಷ ದೊಡ್ಡವಳು. ಅವಳಿಗೆ ಹತ್ತು ವರ್ಷದಿಂದ ಉಬ್ಬಸ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಒಮ್ಮೆ, ಸಂಜೆ ದೀಪ ಹಚ್ಚಿ ಒಮ್ಮೆ ನೆಬ್ಯುಲೈಜರ್ ಹಾಕಿಕೊಳ್ಳಬೇಕು. ಅವಳು ಅದನ್ನು ಹೊಗೆ ಮಷೀನು ಎನ್ನುತ್ತಾಳೆ. ಬಟ್ಟಲಿಗೆ ಔಷಧಿ ಹಾಕಿ ಗುಂಡಿ ಒತ್ತಿದರೆ ಒಳಗಿನ ಮೋಟಾರು ಗಾಳಿ ತಳ್ಳುತ್ತದೆ, ಔಷಧಿ ಮಂಜಾಗಿ ಮಾಸ್ಕಿನಿಂದ ಬರುತ್ತದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ತಪ್ಪಿದರೆ ಉಳಿದ ದಿನ ಅವಳದ್ದಲ್ಲ. ಪ್ರಯಾಣದಲ್ಲಿ ಆಪತ್ತಿಗೆಂದು ಡಾಕ್ಟರು ಕೈಯಲ್ಲಿ ಹಿಡಿದು ಸೇದುವ ಒಂದು ಪಂಪು ಕೊಟ್ಟಿದ್ದರು. ಅದರ ಬೆನ್ನಲ್ಲಿ ಇನ್ನೆಷ್ಟು ಸಲ ಉಳಿದಿದೆ ಎಂದು ತೋರಿಸುವ ಪುಟ್ಟ ಕಿಂಡಿ. ಹೊರಡುವ ದಿನ ಆ ಕಿಂಡಿಯಲ್ಲಿ ಮೂವತ್ತನಾಲ್ಕು ಇತ್ತು.

ಅವಳ ಮನೆಯಲ್ಲಿ ಮಷೀನಿನ ಪಕ್ಕದಲ್ಲಿ ಒಂದು ಸ್ಟೆಬಿಲೈಜರ್ ಇದೆ. ಹೊಳಲ್ಕೆರೆಯಲ್ಲಿ ಬೇಸಿಗೆಯ ಸಂಜೆ ಕರೆಂಟು ಎಷ್ಟು ಸೊರಗುತ್ತದೆ ಎಂದರೆ ಟ್ಯೂಬ್‌ಲೈಟು ಕಣ್ಣು ಪಿಳುಕಿಸಿ ಮಲಗುತ್ತದೆ. ಮುಳ್ಳು ಹಸಿರಿಗೆ ಬಂದ ಮೇಲೇ ಅಕ್ಕ ಗುಂಡಿ ಒತ್ತುವುದು. ಅದನ್ನೂ ಚೀಲಕ್ಕೆ ಹಾಕಲೇ ಎಂದು ಕೇಳಿದಳು. ಬೇಡ, ಜಪಾನಿನಲ್ಲಿ ಕರೆಂಟು ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ನಾನೇ ತೆಗೆದಿಟ್ಟೆ. ಆ ಮಾತು ಅಕ್ಷರಶಃ ನಿಜ ಎಂದು ಆಮೇಲೆ ಗೊತ್ತಾಯಿತು.

ಮಷೀನನ್ನೂ ತಿರುಗಿಸಿ ನೋಡಿದ್ದೆ. ಯಾವ ಯಂತ್ರಕ್ಕೂ ಬೆನ್ನಿನಲ್ಲೋ ತಳದಲ್ಲೋ ಒಂದು ಚೀಟಿ ಇರುತ್ತದೆ, ಅದಕ್ಕೆ ಎಂಥ ಕರೆಂಟು ಬೇಕೆಂದು ಹೇಳುವ ಚೀಟಿ. ಅಕ್ಕನ ಮಷೀನಿನ ಬೆನ್ನಲ್ಲಿ ಚೀಟಿಯ ಜಾಗದಲ್ಲಿ ಮೂರು ಗೆರೆ ವಿಭೂತಿ ಇತ್ತು, ನಡುವೆ ಕುಂಕುಮ. ಪ್ರತಿ ಆಯುಧಪೂಜೆಗೆ ಮನೆಯ ಮಿಕ್ಸಿ, ಹೊಲಿಗೆ ಯಂತ್ರ, ಗ್ಯಾಸ್ ಒಲೆಯ ಜೊತೆ ಇದಕ್ಕೂ ಪೂಜೆ ಆಗುತ್ತದೆ. ಮುಂಭಾಗದಲ್ಲಿ ಗುಂಡಿ, ನಳಿಕೆ. ಪಕ್ಕದಲ್ಲಿ ಗಾಳಿಯ ಕಿಂಡಿಗಳು. ಹಿಂದಿನ ಬಿಳಿ ಚೀಟಿಯೊಂದೇ ಹಣೆಯ ಹಾಗೆ ಚಪ್ಪಟೆ. ಹತ್ತು ಹಬ್ಬದ ವಿಭೂತಿ ಒಂದರ ಮೇಲೊಂದು ಕೂತು ಸುಣ್ಣದ ಗಾರೆಯಂತೆ ಗಟ್ಟಿಯಾಗಿತ್ತು. ಅದನ್ನು ಕೆರೆಯಲು ನನಗೆ ಕೈ ಬರಲಿಲ್ಲ. ಅಡಾಪ್ಟರಿನ ಮೇಲೆ ಬರೆದಿದೆಯಲ್ಲ ಎಂದುಕೊಂಡೆ.

ಟೋಕಿಯೊ, ಮೊದಲ ದಿನ

ನಾವು ಹನ್ನೊಂದು ಜನ. ಕರೆದುಕೊಂಡು ಹೋದವನು ಮದಕರಿಪುರದ ಪ್ರಕಾಶ, ಚಿತ್ರದುರ್ಗದಲ್ಲಿ ಟ್ರಾವೆಲ್ಸ್ ಇಟ್ಟಿರುವ ಹುಡುಗಾಟದ ಮನುಷ್ಯ, ಜಪಾನಿಗೆ ಮೂರನೆಯ ಸಲ ಬಂದವನು. ನಮ್ಮ ಪಕ್ಕದ ಕೋಣೆಯಲ್ಲಿ ಹಿರಿಯೂರಿನ ತಿಪ್ಪೇಸ್ವಾಮಿ, ಅವರ ಹೆಂಡತಿ ರತ್ನಮ್ಮ. ತಿಪ್ಪೇಸ್ವಾಮಿಯವರದು ದಾಳಿಂಬೆ ತೋಟ. ಅವರು ವಿಮಾನದಲ್ಲಿ ಕೂಡ ತೋಟದ ಮೋಟಾರಿನ ಮಾತೇ ಆಡಿದರು.

ಹೋಟೆಲಿನ ಕೋಣೆಗೆ ಕಾಲಿಟ್ಟ ಗಳಿಗೆಯಿಂದ ಕಿರಿಕಿರಿ ಶುರುವಾಯಿತು. ಬಾಗಿಲ ಪಕ್ಕದ ಸೀಳಿನಲ್ಲಿ ಕಾರ್ಡು ಸಿಕ್ಕಿಸಿದರೆ ಮಾತ್ರ ದೀಪ. ತಿಪ್ಪೇಸ್ವಾಮಿಯವರು ಇಬ್ಬರ ಫೋನನ್ನೂ ಚಾರ್ಜಿಗೆ ಹಾಕಿ, ಕಾರ್ಡು ಜೇಬಿಗಿಟ್ಟು ಊಟಕ್ಕೆ ಬಂದರು. ಹಿಂತಿರುಗಿ ನೋಡಿದರೆ ಫೋನು ಹೋದಾಗ ಹೇಗಿತ್ತೋ ಹಾಗೇ ಇತ್ತು. ಪ್ಲಗ್ಗಿನ ತೂತುಗಳು ಎರಡೇ, ಸಣ್ಣ ನಿಂತ ಸೀಳುಗಳು, ಅದರಲ್ಲೂ ಒಂದು ಕೊಂಚ ಉದ್ದ. ನಮ್ಮ ದುಂಡು ಪಿನ್ನು ಅಲ್ಲಿಗೆ ಹೋಗುವ ಮಾತೇ ಇಲ್ಲ. ಪಕ್ಕದಲ್ಲಿ ಸ್ವಿಚ್ಚಿಲ್ಲ. ನಮ್ಮಲ್ಲಿ ಪ್ರತಿ ಪ್ಲಗ್ಗಿಗೂ ಒಂದು ಸ್ವಿಚ್ಚು. ಅದನ್ನು ಕೆಳಗೆ ಒತ್ತಿದಾಗಲೇ ನಮಗೆ ಕರೆಂಟು ಬಂದ ನಂಬಿಕೆ. ರತ್ನಮ್ಮ ಅರ್ಧ ಗಂಟೆ ಮಂಚದ ಕೆಳಗೆ ಸ್ವಿಚ್ಚು ಹುಡುಕಿದರು.

ಮೂರನೆಯ ತೂತು, ಅಂದರೆ ಅರ್ತಿಂಗು, ಎಲ್ಲಿ ಎಂದು ತಿಪ್ಪೇಸ್ವಾಮಿ ಇಡೀ ಕೋಣೆ ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಬಚ್ಚಲಿನಲ್ಲಿ, ಬಿಸಿಯಾಗುವ ಕಮೋಡಿನ ಹಿಂದೆ, ಹಸಿರು ತಂತಿಯೊಂದಿಗೆ. ಅವರು ಹೊರಗೆ ಬಂದು ಶಾಂತವಾಗಿ ಹೇಳಿದರು.

“ಮೇಷ್ಟ್ರೇ, ಈ ದೇಶದಾಗೆ ಕಕ್ಕಸಿಗೆ ಅರ್ತಿಂಗ್ ಐತೆ. ಮನುಷ್ಯರಿಗಿಲ್ಲ.”

ನಾನು ಅಡಾಪ್ಟರು ತೆಗೆದೆ. ಎಲ್ಲರ ಫೋನುಗಳೂ ಸರದಿಯಲ್ಲಿ ಚಾರ್ಜ್ ಆದವು. ಎರಡು ಗಂಟೆ ನಾನು ಆ ಗುಂಪಿನ ದೊಡ್ಡ ಮನುಷ್ಯನಾಗಿದ್ದೆ. ನನ್ನ ಬುದ್ಧಿಯನ್ನು ಕೆಡಿಸಿದ್ದು ಆ ಎರಡು ಗಂಟೆಯೇ. ಫೋನುಗಳು ತುಂಬುತ್ತಿವೆ, ಅಂದರೆ ಕರೆಂಟು ಸರಿಯಿದೆ, ಅಂದರೆ ಅಡಾಪ್ಟರು ಸರಿಯಿದೆ ಎಂದು ತೀರ್ಮಾನಿಸಿದೆ. ಫೋನಿನ ಚಾರ್ಜರು ನೂರರಿಂದ ಇನ್ನೂರ ನಲವತ್ತರವರೆಗೆ ಏನು ಕೊಟ್ಟರೂ ಉಂಡು ಅರಗಿಸಿಕೊಳ್ಳುವ ಪ್ರಾಣಿ ಎಂಬುದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದ್ದು ರತ್ನಮ್ಮನ ರೈಸ್ ಕುಕ್ಕರು. ಅನ್ನವಿಲ್ಲದೆ ಬದುಕಲಾರೆನೆಂದು ಅವರು ಹಿರಿಯೂರಿನಿಂದ ಹೊತ್ತು ತಂದಿದ್ದರು. ಅಡಾಪ್ಟರಿಗೆ ಸಿಕ್ಕಿಸಿದೆವು. ಕೆಂಪು ದೀಪ ಮಂಕಾಗಿ ಹತ್ತಿತು. ಒಂದು ಗಂಟೆಯ ಮೇಲೆ ಮುಚ್ಚಳ ತೆಗೆದರೆ ಅಕ್ಕಿ ಉಗುರು ಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡುತ್ತಿತ್ತು. ನಾನು ಕುಕ್ಕರು ಹಳೆಯದಾಗಿದೆ ಎಂದೆ. ಹೋದ ತಿಂಗಳಷ್ಟೇ ತಂದದ್ದು ಎಂದರು ರತ್ನಮ್ಮ. ಹಾಗಾದರೆ ಅಕ್ಕಿ ಹಳೆಯದು ಎಂದೆ. ಇದನ್ನು ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳುವುದು ಕಷ್ಟ, ಆದರೆ ಹೇಳಿದ್ದೆ.

ಸಂಜೆ ಅಕ್ಕ ಮಾಸ್ಕು ಹಾಕಿಕೊಂಡು ಮಂಚದ ತುದಿಯಲ್ಲಿ ಕೂತಳು. ಗುಂಡಿ ಒತ್ತಿದೆ. ಹೊಳಲ್ಕೆರೆಯಲ್ಲಿ ಅದು ಗಿರಣಿಯಂತೆ ಸದ್ದು ಮಾಡುತ್ತದೆ. ಇಲ್ಲಿ ಗುಂಯ್ ಎಂದು ನರಳಿತು. ಜಪಾನಿನಲ್ಲಿ ಎಲ್ಲವೂ ಮೆಲ್ಲಗೇ ಸದ್ದು ಮಾಡುವುದರಿಂದ ಇದೂ ಹಾಗೆ ಇರಬಹುದೆಂದುಕೊಂಡೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಬಟ್ಟಲು ನೋಡಿದರೆ ಔಷಧಿ ಹಾಕಿದಷ್ಟೇ ಇತ್ತು.

ಬೇರೆ ಪ್ಲಗ್ಗಿಗೆ ಹಾಕಿದೆ. ಬಚ್ಚಲಿನ ಪ್ಲಗ್ಗಿಗೆ ಹಾಕಿದೆ. ತಿಪ್ಪೇಸ್ವಾಮಿಯವರ ಕೋಣೆಯ ಪ್ಲಗ್ಗಿಗೆ ಹಾಕಲು ಮಷೀನು ಎತ್ತಿಕೊಂಡು ಹೋದೆ. ಅವರು ಪೇಟೆ ನೋಡಲು ಹೋಗಿದ್ದರು. ಅಕ್ಕ ಪಂಪು ಬಾಯಿಗಿಟ್ಟು ಎರಡು ಸಲ ಸೇದಿದಳು. ಮೂವತ್ತೆರಡು.

ಟೋಕಿಯೊ, ಎರಡನೆಯ ಬೆಳಿಗ್ಗೆ

ಎದ್ದಾಗ ಕಿಂಡಿಯಲ್ಲಿ ಇಪ್ಪತ್ತಾರು. ಅಂದರೆ ನಾನು ಮಲಗಿದ್ದಾಗ ಅವಳು ಮೂರು ಸಲ ಎದ್ದಿದ್ದಳು. ಏಕೆ ಎಬ್ಬಿಸಲಿಲ್ಲವೆಂದು ಕೇಳಿದರೆ ನೀನೆದ್ದು ಏನು ಊದುತ್ತಿದ್ದೆಯಾ ಎಂದಳು.

ಬೆಳಿಗ್ಗೆ ಒಂದು ದೇವಸ್ಥಾನ. ಮೆಟ್ಟಿಲುಗಳು ಹೆಚ್ಚಿರಲಿಲ್ಲ. ದುರ್ಗದ ಕೋಟೆ ಹತ್ತಿದವರಿಗೆ ಅವು ಲೆಕ್ಕಕ್ಕಿಲ್ಲ. ಗಾಳಿ ಮಾತ್ರ ತಣ್ಣಗೆ ಕತ್ತರಿಸುವಂತಿತ್ತು, ಮಾಗಿಯಲ್ಲಿ ನಮ್ಮ ಜೋಗಿಮಟ್ಟಿ ಬೆಟ್ಟದ ತುದಿಯಲ್ಲಿ ನಿಂತ ಹಾಗೆ. ಹದಿನೇಳನೆಯ ಮೆಟ್ಟಿಲಿನಲ್ಲಿ ಅಕ್ಕ ನಿಂತಳು. ಒಂದು ಕೈ ಕಟಕಟೆಯ ಮೇಲೆ, ಇನ್ನೊಂದು ಎದೆಯ ಮೇಲೆ. ಉಸಿರು ಒಳಗೆ ಹೋಗುವಾಗ ಬಾಗಿಲ ಸಂದಿಯಲ್ಲಿ ಗಾಳಿ ಹೊಕ್ಕಂತೆ ಶಿಳ್ಳೆಯಾಗುತ್ತಿತ್ತು. ತುಟಿಯ ಬಣ್ಣ ನೇರಳೆಗೆ ತಿರುಗಿದ್ದನ್ನು ನಾನು ನೋಡಿದೆ. ಅದನ್ನು ಈಗಲೂ ನೋಡುತ್ತಿರುತ್ತೇನೆ.

ಒಬ್ಬ ಮುದುಕಿ, ಜಪಾನಿನವಳು, ಎಲ್ಲಿಂದಲೋ ಮಡಚುವ ಕುರ್ಚಿ ತಂದಿಟ್ಟಳು. ಅಕ್ಕನ ಮುಂದೆ ಬಗ್ಗಿ ನಮಸ್ಕರಿಸಿದಳು, ತೊಂದರೆ ಕೊಟ್ಟವಳು ತಾನೇ ಎಂಬಂತೆ. ಏನೂ ಕೇಳಲಿಲ್ಲ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಸುತ್ತ ಇಪ್ಪತ್ತು ಜನ ಸೇರಿ ಹದಿನೈದು ಔಷಧಿ ಹೇಳಿರುತ್ತಿದ್ದರು. ಆ ಗಳಿಗೆಯಲ್ಲಿ ನನಗೆ ಆ ಇಪ್ಪತ್ತು ಜನ ಬೇಕೆನಿಸಿತು. ಅವರಲ್ಲಿ ಒಬ್ಬನಾದರೂ ನನ್ನನ್ನು ಬೈಯುತ್ತಿದ್ದ.

ಪಂಪು ನಾಲ್ಕು ಸಲ. ಇಪ್ಪತ್ತೆರಡು. ಪ್ರಕಾಶ ಆಸ್ಪತ್ರೆಗೆ ಹೋಗಾಣ ಎಂದ. ಅಕ್ಕ ಬೇಡವೆಂದು ತಲೆಯಾಡಿಸಿದಳು. ಮಾತಾಡಲು ಉಸಿರು ಬಂದ ಮೇಲೆ ಹೇಳಿದ್ದಿಷ್ಟು: ಮಷೀನು ಸರಿಯಾದರೆ ತಾನು ಸರಿ, ಸಂಜೆ ಆರರವರೆಗೆ ನೋಡಾಣ, ಆಗದಿದ್ದರೆ ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗ್ರಿ. ಆಗಲೇ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕಿತ್ತು ಎಂದು ನನಗೆ ಈಗ ಅನಿಸುತ್ತದೆ. ಆಗ ಅವಳ ಮಾತಿಗೆ ಒಪ್ಪಿದೆ. ಗುಂಪನ್ನು ಮುಂದಕ್ಕೆ ನಡೆಸಲು ಪ್ರಕಾಶ ಅಲ್ಲೇ ಒಬ್ಬ ಗೈಡನ್ನು ಗೊತ್ತುಮಾಡಿದ. ನಾವು ಮೂವರು, ತಿಪ್ಪೇಸ್ವಾಮಿ ದಂಪತಿ ಟ್ಯಾಕ್ಸಿ ಹಿಡಿದು ಹೋಟೆಲಿಗೆ ಮರಳಿದೆವು.

ಹೋಟೆಲಿನ ಕೌಂಟರು, ಮಧ್ಯಾಹ್ನ

ಕೆಳಗಿನ ಹಜಾರದಲ್ಲೇ ಅಕ್ಕನನ್ನು ಸೋಫಾದ ಮೇಲೆ ಕೂರಿಸಿ ಮಷೀನು ತಂದೆ. ಅಲ್ಲಿಯ ಪ್ಲಗ್ಗಿಗೆ ಹಾಕಿದೆ. ಗುಂಯ್.

ತಿಪ್ಪೇಸ್ವಾಮಿ ಆ ಸದ್ದನ್ನು ಮೊದಲ ಸಲ ಕೇಳಿದ್ದು ಆಗ. ಅವರು ಬಗ್ಗಿ, ತೋಟದಲ್ಲಿ ಬಾವಿಗೆ ಕಿವಿಗೊಡುವ ಹಾಗೆ, ಮಷೀನಿಗೆ ಕಿವಿಗೊಟ್ಟರು.

“ಮೇಷ್ಟ್ರೇ, ಇದು ಕೆಟ್ಟಿಲ್ಲ. ಇದಕ್ಕೆ ಕರೆಂಟು ಸಾಲ್ತಿಲ್ಲ. ನಮ್ಮ ತ್ವಾಟದ ಮೋಟ್ರು ಲೋ ವೋಲ್ಟೇಜಾದಾಗ ಹಿಂಗೇ ನಳ್ಳತೈತೆ. ತಿರುಗ್ತೈತೆ, ನೀರೆತ್ತಲ್ಲ.”

ಅದು ಸಾಧ್ಯವೇ ಇಲ್ಲ, ಎಲ್ಲರ ಫೋನುಗಳೂ ಚಾರ್ಜ್ ಆಗುತ್ತಿವೆ ಎಂದೆ.

“ಫೋನು ನೀರೆತ್ತೈತಾ?” ಎಂದರು ಅವರು.

ಮೂವತ್ತೊಂದು ವರ್ಷದ ಪಾಠ ಆ ಎರಡು ಪದಗಳಲ್ಲಿ ನನ್ನ ಮುಂದೆ ಬಂದು ನಿಂತಿತು. ಕುಕ್ಕರಿನ ಮಂಕು ದೀಪ, ನೆನೆದ ಅಕ್ಕಿ, ನರಳುವ ಮೋಟಾರು. ನಾನು ಕೌಂಟರಿಗೆ ಹೋಗಿ ಇಲ್ಲಿ ವೋಲ್ಟೇಜು ಎಷ್ಟೆಂದು ಕೇಳಿದೆ. ಅಲ್ಲಿದ್ದ ಯುವಕ ಫೋನಿನ ಅನುವಾದಕ್ಕೆ ಕಿವಿಗೊಟ್ಟು, ಒಂದು ಚೀಟಿಯಲ್ಲಿ ನೀಟಾಗಿ 100 ಎಂದು ಬರೆದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ನೂರು. ಏರುವುದಿಲ್ಲ, ಇಳಿಯುವುದಿಲ್ಲ. ಹೊಳಲ್ಕೆರೆಯ ಅತ್ಯಂತ ಕೆಟ್ಟ ಸಂಜೆಯಲ್ಲೂ ಇದಕ್ಕಿಂತ ಹೆಚ್ಚಿರುತ್ತದೆ. ಆ ದೇಶದವರ ಯಂತ್ರಗಳೆಲ್ಲ ನೂರಕ್ಕೇ ಹುಟ್ಟಿದವು, ಅವಕ್ಕೆ ಅದು ಹೊಟ್ಟೆ ತುಂಬ ಊಟ. ನಮ್ಮದಕ್ಕೆ ಅರ್ಧಕ್ಕಿಂತ ಕಡಿಮೆ. ಅಡಾಪ್ಟರು ಪಿನ್ನಿನ ಆಕಾರ ಬದಲಿಸುತ್ತದೆ, ಕರೆಂಟನ್ನಲ್ಲ. ಅದರ ಬೆನ್ನಿನ 100–240 ಅದು ತಡೆದುಕೊಳ್ಳುವ ವೋಲ್ಟೇಜು, ಕೊಡುವ ವೋಲ್ಟೇಜಲ್ಲ. ಒಳಗೆ ನೂರು ಹೋದರೆ ಹೊರಗೂ ನೂರೇ. ಇಷ್ಟನ್ನು ಒಂಬತ್ತನೆಯ ತರಗತಿಯ ಮಗುವಿಗೆ ನಾನೇ ಹೇಳಿಕೊಡುತ್ತಿದ್ದೆ.

ಯುವಕ ಕೌಂಟರು ಬಿಟ್ಟು ಈಚೆ ಬಂದ. ಯಂತ್ರದ ಚೀಟಿ ನೋಡಬಹುದೇ ಎಂದು ಫೋನು ಅವನ ಪರವಾಗಿ ಕೇಳಿತು. ನಾನು ಮಷೀನನ್ನು ತಿರುಗಿಸಿದೆ. ವಿಭೂತಿ, ಕುಂಕುಮ ಕಂಡದ್ದೇ ಅವನು ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡು, ಒಂದು ಹೆಜ್ಜೆ ಸರಿದು, ಮಷೀನಿಗೆ ತಲೆಬಾಗಿದ. ಇದು ಪೂಜೆಯ ವಸ್ತು, ನಾನು ಮುಟ್ಟಬಾರದು ಎಂದಿತು ಫೋನು. ಎಷ್ಟು ಹೇಳಿದರೂ ಅವನು ಮುಟ್ಟಲಿಲ್ಲ. ಒದ್ದೆ ಬಟ್ಟೆ ಕೇಳಿದೆ. ತಂದುಕೊಟ್ಟ, ಆದರೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ನಿಂತ.

ಬಟ್ಟೆ ನನ್ನ ಕೈಯಲ್ಲಿತ್ತು. ನನಗೂ ಆಗಲಿಲ್ಲ. ಹತ್ತು ವರ್ಷ ಅಕ್ಕ ಮಡಿಯುಟ್ಟು ಹಚ್ಚಿದ್ದು. ರತ್ನಮ್ಮ ಪಕ್ಕದಿಂದ, ಒರೆಸಬ್ಯಾಡ್ರಿ, ಪರದೇಶದಾಗೆ ಅಪಶಕುನ ಎಂದರು. ತಿಪ್ಪೇಸ್ವಾಮಿ ಹೆಂಡತಿಯನ್ನು ನೋಡಿ ಸುಮ್ಮನಿರೇ ಎಂದರು, ಆದರೆ ಅವರೂ ಬಟ್ಟೆ ತೆಗೆದುಕೊಳ್ಳಲಿಲ್ಲ. ಐದು ಜನ ಒಂದು ಡಬ್ಬಿಯ ಸುತ್ತ ನಿಂತಿದ್ದೆವು, ನಡುವೆ ಅಕ್ಕನ ಉಸಿರು ಶಿಳ್ಳೆ ಹಾಕುತ್ತಿತ್ತು.

ಅವಳೇ ಕೈಚಾಚಿದಳು. ಮಷೀನು ತೊಡೆಯ ಮೇಲಿಟ್ಟುಕೊಂಡಳು. ಒಂದೊಂದೇ ತುಂಡು ಮಾತು, ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಿದಳು.

“ಇದನ್ನ ಹಚ್ಚಿದ್ದು... ಉಸ್ರು ಬರ್ಲಿ ಅಂತ ಕಣೋ ಶೇಖರ. ಉಸ್ರು ಮುಚ್ಚಾಕಲ್ಲ.”

ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒರೆಸಿದಳು. ಮೊದಲ ಗೆರೆ ಹೋಯಿತು, ಎರಡನೆಯದು ಹೋಯಿತು. ಕುಂಕುಮ ಕೆಂಪಗೆ ಹರಡಿತು. ಅದರ ಅಡಿಯಿಂದ ಅಕ್ಷರಗಳು ಎದ್ದವು: 230V, 50Hz, 180VA. ಒರೆಸಿದ ಬಟ್ಟೆಯನ್ನು ಮಡಚಿ ಕಣ್ಣಿಗೊತ್ತಿಕೊಂಡು ರತ್ನಮ್ಮನ ಕೈಗೆ ಕೊಟ್ಟಳು. ನಾನು ಚೀಟಿಯ ಫೋಟೊ ತೆಗೆದೆ. ಎರಡು ಸಲ ಅಲುಗಾಡಿತು. ಮೂರನೆಯದು ಸರಿಯಾಗಿ ಬಂತು.

ಟ್ರಾನ್ಸ್‌ಫಾರ್ಮರ್ ಅಂಗಡಿ

ನೂರನ್ನು ಇನ್ನೂರಿಪ್ಪತ್ತಕ್ಕೆ ಏರಿಸುವ ಪೆಟ್ಟಿಗೆ ಟೋಕಿಯೊದ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಸಿಗುತ್ತದೆ ಎಂದು ಹೋಟೆಲಿನ ಯುವಕ ನಕ್ಷೆ ಬರೆದುಕೊಟ್ಟ. ಅಕ್ಕನ ಜೊತೆ ರತ್ನಮ್ಮ ಉಳಿದರು. ನಾನು, ಪ್ರಕಾಶ, ತಿಪ್ಪೇಸ್ವಾಮಿ ಹೊರಟೆವು. ಗಂಟೆ ಮೂರು. ಕಿಂಡಿಯಲ್ಲಿ ಹದಿನೆಂಟು.

ಆ ಪೇಟೆಯಲ್ಲಿ ಕಟ್ಟಡಗಳೇ ದೀಪದ ಬೋರ್ಡುಗಳು. ನಮ್ಮ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳು ಹಗಲಿರುಳು ತಿರುಗಿ ಊರೂರಿಗೆ ಕರೆಂಟು ಕಳಿಸುತ್ತವೆ. ಆ ಗಾಳಿಯಂತ್ರಗಳ ನಾಡಿನಿಂದ ಬಂದು ನಾನು ಬೆಳಕಿನ ಸಂತೆಯ ನಡುವೆ ಒಂದು ಹಿಡಿ ಕರೆಂಟಿಗೆ ಅಲೆಯುತ್ತಿದ್ದೆ. ಮೊದಲ ಅಂಗಡಿಯಲ್ಲಿ ಅಡಾಪ್ಟರು ತೋರಿಸಿದರು. ಎರಡನೆಯದರಲ್ಲೂ ಅಡಾಪ್ಟರೇ. ಮೂರನೆಯದರಲ್ಲಿ ಅಡಾಪ್ಟರೆಂದು ಹೇಳುವ ಮೊದಲೇ ನಾನು ಅಲ್ಲ ಎಂದು ಕೂಗಿದ್ದಕ್ಕೆ ಪ್ರಕಾಶ ನನ್ನ ತೋಳು ಹಿಡಿದುಕೊಂಡ.

ನಾಲ್ಕನೆಯದು ಓಣಿಯೊಳಗಿನ ಕಿರಿದಾದ ಅಂಗಡಿ. ಬರೀ ತಂತಿ, ಸುರುಳಿ, ಕಬ್ಬಿಣದ ಪೆಟ್ಟಿಗೆಗಳು. ಒಳಗೆ ನನ್ನ ವಯಸ್ಸಿನವನೇ ಒಬ್ಬ, ನೀಲಿ ಕೋಟು ತೊಟ್ಟವನು. ಶೆಲ್ಫಿನಲ್ಲಿ 100, 220 ಎರಡೂ ಬರೆದಿದ್ದ ಪೆಟ್ಟಿಗೆ ಕಂಡು ನಾನೇ ಕೈಗೆತ್ತಿಕೊಂಡೆ. ಅವನು ಬಂದು ನನ್ನ ಕೈಯಿಂದ ಅದನ್ನು ಕಿತ್ತುಕೊಂಡ. ಶೆಲ್ಫಿಗೆ ವಾಪಸ್ಸು ಇಟ್ಟ. ಗ್ರಾಹಕನ ಕೈಯಿಂದ ಸಾಮಾನು ಕಿತ್ತುಕೊಳ್ಳುವ ಅಂಗಡಿಯವನನ್ನು ನಾನು ಎಲ್ಲೂ ಕಂಡಿರಲಿಲ್ಲ. ಗಂಟೆ ನಾಲ್ಕಾಗಿತ್ತು. ಆಮೇಲೆ ಅವನು ಕಾಗದದ ಮೇಲೆ ಒಂದು ಬಾಣ ಬರೆದು ತೋರಿಸಿದ. ಆ ಪೆಟ್ಟಿಗೆ ವೋಲ್ಟೇಜು ಇಳಿಸುವುದು. ಅವರ ಜನ ಹೊರದೇಶಕ್ಕೆ ಹೋಗುವಾಗ ಕೊಂಡೊಯ್ಯುವುದು. ನಮಗೆ ಬೇಕಾದದ್ದು ತಿರುಗಿಸಿದ ಬಾಣ.

ಅವನು ಚೀಟಿ ಕೇಳಿದ. ಫೋಟೊ ತೋರಿಸಿದೆ. ಕನ್ನಡಕ ಹಣೆಗೇರಿಸಿ, ಮಷೀನು ಎಷ್ಟು ಶಕ್ತಿ ಎಳೆಯುತ್ತದೆಂದು ಹೇಳುವ 180ರ ಮೇಲೆ ಬೆರಳಿಟ್ಟ. ಕುಂಕುಮದ ಕಲೆಯನ್ನು ರಕ್ತವೆಂದುಕೊಂಡನೋ ಏನೋ, ನನ್ನ ಮುಖ ನೋಡಿದ. ನಾನು ಎದೆಯ ಮೇಲೆ ಕೈಯಿಟ್ಟು ಉಸಿರೆಳೆದು ತೋರಿಸಿದೆ. ಆಮೇಲೆ ಅವನ ಕೈಗಳಿಗೆ ವೇಗ ಬಂತು. 300 ಎಂದು ಬರೆದ ಪೆಟ್ಟಿಗೆ ತೆಗೆದ, ಗೋಡೆಗೆ ಸಿಕ್ಕಿಸಿದ, ಮೀಟರಿನ ಎರಡು ಕಡ್ಡಿಗಳನ್ನು ಅದರ ತೂತುಗಳಿಗಿಟ್ಟು, ಮುಳ್ಳು ನಮ್ಮ ಮೂವರಿಗೂ ಕಾಣುವಂತೆ ತಿರುಗಿಸಿದ. ಇನ್ನೂರ ಇಪ್ಪತ್ತೊಂದು. ತಿಪ್ಪೇಸ್ವಾಮಿ ಮುಳ್ಳಿಗೆ ಕೈಮುಗಿದರು. ಅಂಗಡಿಯವನು ಕಾಗದದ ಮೇಲೆ 50/60 ಎಂದು ಬರೆದು, ನಡುವೆ ಗೆರೆಯೆಳೆದು ಏನೋ ಒತ್ತಿ ಒತ್ತಿ ಹೇಳಿದ. ಅನುವಾದಕ್ಕೆ ಇದ್ದದ್ದು ಪ್ರಕಾಶನ ಫೋನು, ಅದರ ಚಾರ್ಜು ಮುಗಿದಿತ್ತು. ತಲೆಯಾಡಿಸಿ ಬಂದೆವು.

ಪೆಟ್ಟಿಗೆಯ ಒಳಗೆಲ್ಲ ಕಬ್ಬಿಣ. ಮೆಟ್ರೋದಲ್ಲಿ ತಿಪ್ಪೇಸ್ವಾಮಿ ಅದನ್ನು ಎಳೆಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಕೂತರು.

ಐದೂಕಾಲಿಗೆ ಹೋಟೆಲು. ಅಕ್ಕ ಸೋಫಾದಲ್ಲಿ ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲ ಮೇಲೂರಿ ಕೂತಿದ್ದಳು. ಹದಿನಾಲ್ಕು. ರತ್ನಮ್ಮ ಬೆನ್ನು ನೀವುತ್ತಿದ್ದರು. ಗೋಡೆಗೆ ಪೆಟ್ಟಿಗೆ, ಪೆಟ್ಟಿಗೆಗೆ ಮಷೀನು. ಚೀಟಿ ಓದಿದೆ. ಪೆಟ್ಟಿಗೆಯ ಚೀಟಿ ಓದಿದೆ. ಮತ್ತೆ ಮಷೀನಿನ ಚೀಟಿ.

“ಓದಿದ್ದು ಸಾಕು, ಒತ್ತೋ ಮಾರಾಯ,” ಎಂದಳು.

ಒತ್ತಿದೆ. ಹೊಳಲ್ಕೆರೆಯ ಗಿರಣಿ ಆ ನಿಶ್ಶಬ್ದ ಹಜಾರದಲ್ಲಿ ಗಡಗಡ ಎಂದು ಶುರುವಾಯಿತು. ಪತ್ರಿಕೆ ಓದುತ್ತಿದ್ದವರು ತಲೆಯೆತ್ತಿದರು. ಕೌಂಟರಿನ ಯುವಕ ಅವರೆಲ್ಲರಿಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದ. ಮಾಸ್ಕಿನ ಎರಡೂ ಬದಿಯಿಂದ ಬಿಳಿ ಮಂಜು ಬಂತು. ಏಳನೆಯ ನಿಮಿಷಕ್ಕೆ ಶಿಳ್ಳೆ ತಗ್ಗಿತು. ಹನ್ನೊಂದನೆಯದಕ್ಕೆ ಬಟ್ಟಲು ಒಣಗಿತು. ಅಷ್ಟು ಹೊತ್ತೂ ನಾನು ಗಡಿಯಾರ ನೋಡುತ್ತಿದ್ದೆ; ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಆರು ಗಂಟೆಗೆ ಅವಳು ಮಾಸ್ಕು ತೆಗೆದು ಕಾಫಿ ಕೇಳಿದಳು.

ಸರೋವರದ ಊರು

ಮೂರನೆಯ ದಿನ ಹಿಮದ ಬೆಟ್ಟ ಕಾಣುವುದೆಂದು ಹೇಳಿದ ಸರೋವರದ ದಂಡೆಗೆ ಹೋದೆವು. ಬೆಟ್ಟ ಕಾಣಲಿಲ್ಲ. ಮೋಡ ನೀರಿನವರೆಗೂ ಇಳಿದಿತ್ತು. ಹನ್ನೊಂದು ಜನರಲ್ಲಿ ಹತ್ತು ಜನ ಪ್ರಕಾಶನನ್ನು ತರಾಟೆಗೆ ತೆಗೆದುಕೊಂಡರು. ಅಕ್ಕ ದಂಡೆಯವರೆಗೆ ತನ್ನ ಕಾಲಿನಲ್ಲೇ ನಡೆದು ಹೋಗಿ, ನೀರಿಗೆ ಕೈಯಾಡಿಸಿ, ನಮ್ಮ ಜೋಗಿಮಟ್ಟಿಯೂ ಮೋಡ ಕವಿದರೆ ಹೀಗೇ ಎಂದು ವಾಪಸ್ಸು ಬಂದಳು.

ರತ್ನಮ್ಮನ ಕಣ್ಣು ಪೆಟ್ಟಿಗೆಯ ಮೇಲಿತ್ತು. ಕುಕ್ಕರನ್ನೂ ಒಮ್ಮೆ ಅದಕ್ಕೆ ಸಿಕ್ಕಿಸಿ ಕೊಡಿ ಎಂದು ಕೇಳಿದರು. ನಾನು ಕುಕ್ಕರಿನ ತಳ ನೋಡಿದೆ. ಏಳುನೂರು ವ್ಯಾಟು. ಪೆಟ್ಟಿಗೆಯ ಶಕ್ತಿ ಮುನ್ನೂರು. ಸಿಕ್ಕಿಸಿದರೆ ಪೆಟ್ಟಿಗೆ ಸುಟ್ಟು ಅಕ್ಕನ ಮಷೀನು ಮತ್ತೆ ಮೂಕವಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, ಹಾಗಾದರೆ ಅರ್ಧ ಪಾವು ಅಕ್ಕಿ ಇಡಲೇ ಎಂದರು. ಅಕ್ಕಿ ಅರ್ಧವಾದರೂ ಕುಕ್ಕರು ಎಳೆಯುವ ಕರೆಂಟು ಅಷ್ಟೇ ಎಂದೆ. ಅವರು ನಂಬಲಿಲ್ಲ. ಎರಡು ಊಟ ನನ್ನ ಜೊತೆ ಮಾತು ಬಿಟ್ಟರು. ನಾನು ಕೋಣೆಯಿಂದ ಹೊರಗೆ ಹೋಗುವಾಗ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡೇ ಹೋದೆ.

ಕ್ಯೋಟೋ

ಇಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಬುಲೆಟ್ ರೈಲಿನಲ್ಲಿ ಕ್ಯೋಟೋಗೆ ಬಂದು, ಸಂಜೆ ಎಲ್ಲ ಚೀಟಿಗಳನ್ನೂ ಓದಿ ಗುಂಡಿ ಒತ್ತಿದೆ. ಸದ್ದು ಬೇರೆ. ನರಳಾಟವಲ್ಲ, ಒಂದು ಸ್ವರ ಮೇಲಕ್ಕೆ ಹೋಗಿತ್ತು, ಅವಸರದಲ್ಲಿದ್ದವರ ಹಾಗೆ. ತಕ್ಷಣ ಆರಿಸಿದೆ.

ಅಂಗಡಿಯವನ ಕಾಗದ ಜೇಬಿನಲ್ಲೇ ಇತ್ತು. 50/60, ನಡುವೆ ಗೆರೆ. ಆ ದೇಶದ ಪೂರ್ವಕ್ಕೆ ಕರೆಂಟು ಸೆಕೆಂಡಿಗೆ ಐವತ್ತು ಸಲ ಹೊಯ್ದಾಡುತ್ತದೆ, ಪಶ್ಚಿಮಕ್ಕೆ ಅರವತ್ತು ಸಲ. ಒಂದೇ ಬಾವುಟ, ಒಂದೇ ರೈಲು, ನಿಮಿಷ ತಪ್ಪದ ವೇಳಾಪಟ್ಟಿ; ಕರೆಂಟು ಮಾತ್ರ ಎರಡು. ಹಿರಿಯೂರಿಗೂ ಹೊಸದುರ್ಗಕ್ಕೂ ನಡುವೆ ಯಾರಾದರೂ ಹೀಗೆ ಮಾಡಿದ್ದರೆ ನಾವು ರಸ್ತೆ ತಡೆ ಮಾಡಿರುತ್ತಿದ್ದೆವು. ಅವರು ಸುಮ್ಮನೆ ಬದುಕುತ್ತಿದ್ದಾರೆ, ಏಕೆಂದರೆ ಅವರ ಯಂತ್ರಗಳು ಎರಡನ್ನೂ ಬಲ್ಲವು. ಅಕ್ಕನ ಚೀಟಿಯಲ್ಲಿ ಐವತ್ತು ಮಾತ್ರ ಇತ್ತು.

ತಿಪ್ಪೇಸ್ವಾಮಿ ಬಂದು ಕಿವಿಗೊಟ್ಟರು. ಮೋಟ್ರು ಒಂಚೂರು ಜೋರಾಗಿ ತಿರುಗ್ತೈತೆ, ನೀರೆತ್ತೈತೆ ಬಿಡ್ರಿ, ಬಿಸಿ ನೋಡ್ಕಳ್ರಿ ಎಂದರು. ಕಿಂಡಿಯಲ್ಲಿ ಉಳಿದಿದ್ದ ಹದಿನಾಲ್ಕನ್ನು ನೋಡಿ, ಒಪ್ಪಿದೆ. ಎರಡು ನಿಮಿಷಕ್ಕೊಮ್ಮೆ ಮಷೀನಿನ ಮೈ ಮುಟ್ಟಿ ನೋಡಿದೆ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಬೆಚ್ಚಗಾಯಿತು, ಸುಡಲಿಲ್ಲ. ಮೂರು ದಿನ ಹೀಗೇ ನಡೆಯಿತು. ಕ್ಯೋಟೋದ ತೋಟಗಳು ಚೆಂದವೆಂದು ಎಲ್ಲರೂ ಹೇಳುತ್ತಾರೆ. ಇರಬಹುದು. ನನಗೆ ನೆನಪಿರುವುದು ಆ ಡಬ್ಬಿಯ ಬಿಸಿ. ಊರಿಗೆ ಬಂದಿಳಿದಾಗ ಕಿಂಡಿಯಲ್ಲಿ ಹದಿನಾಲ್ಕೇ ಇತ್ತು.

ಮತ್ತೆ ಹೊಳಲ್ಕೆರೆ

ಆ ಪೆಟ್ಟಿಗೆಗೆ ಇಲ್ಲಿ ಕೆಲಸವಿಲ್ಲ. ಅಷ್ಟೇ ಆಗಿದ್ದರೆ ಸಾಕಿತ್ತು, ಅಪಾಯವೂ ಇದೆ. ನೂರು ಕೊಟ್ಟರೆ ಇನ್ನೂರಿಪ್ಪತ್ತು ಮಾಡುವ ಪೆಟ್ಟಿಗೆಗೆ ನಮ್ಮ ಇನ್ನೂರ ಮೂವತ್ತು ಕೊಟ್ಟರೆ ಐನೂರು ಮಾಡಲು ಹೊರಡುತ್ತದೆ. ಅದರ ಚಪ್ಪಟೆ ಪಿನ್ನು ನಮ್ಮ ಪ್ಲಗ್ಗಿಗೆ ಹೋಗುವುದಿಲ್ಲ, ಅಡಾಪ್ಟರು ಇದ್ದರೆ ಮಾತ್ರ ಹೋಗುತ್ತದೆ. ಆದ್ದರಿಂದ ಪೆಟ್ಟಿಗೆ ಹೊಳಲ್ಕೆರೆಯ ಅಟ್ಟದಲ್ಲಿದೆ, ಅಡಾಪ್ಟರು ಹೊಸದುರ್ಗದ ನನ್ನ ಬೀರುವಿನಲ್ಲಿ ಬೀಗದೊಳಗಿದೆ. ಅವೆರಡನ್ನೂ ನಾನು ಒಂದೇ ಊರಿನಲ್ಲಿ ಇಡುವುದಿಲ್ಲ.

ಆಯುಧಪೂಜೆಗೆ ಹೋಗಿದ್ದೆ. ಅಕ್ಕ ಮಿಕ್ಸಿ, ಹೊಲಿಗೆ ಯಂತ್ರ ಎಲ್ಲ ತೊಳೆದು ಸಾಲಾಗಿಟ್ಟಿದ್ದಳು. ಸಾಲಿನ ಕೊನೆಯಲ್ಲಿ ಹೊಗೆ ಮಷೀನು, ಅದರ ಪಕ್ಕದಲ್ಲಿ ಅಟ್ಟದಿಂದ ಇಳಿಸಿದ ಟ್ರಾನ್ಸ್‌ಫಾರ್ಮರು. ಇದು ಇಲ್ಲಿ ಏನಕ್ಕೂ ಬರುವುದಿಲ್ಲವಲ್ಲ ಅಕ್ಕ ಎಂದೆ.

“ಅಲ್ಲಿ ಬಂತಲ್ಲ,” ಎಂದಳು.

ವಿಭೂತಿ ಕಲಸಿ ಮೊದಲು ಮಷೀನು ಎತ್ತಿಕೊಂಡಳು. ಬೆನ್ನು ತಿರುಗಿಸಿ, ಮೂರು ಬೆರಳು ಅದ್ದಿ, ಚೀಟಿಯ ಮುಂದೆ ಒಂದು ಗಳಿಗೆ ನಿಂತಳು. ಬೆರಳುಗಳು ಮೇಲಕ್ಕೆ ಸರಿದವು. ದುಂಡಗಿನ ಅಂಚಿನಲ್ಲಿ ಗೆರೆಗಳು ನೆಟ್ಟಗೆ ಬರಲಿಲ್ಲ, ಒಂದು ಕೆಳಕ್ಕೆ ಜಾರಿತು. ಅದನ್ನು ಸೆರಗಿನ ತುದಿಯಿಂದ ಒರೆಸಿ ಮತ್ತೆ ಎಳೆದಳು. ಪೆಟ್ಟಿಗೆಗೂ ಹಾಗೇ. ಆರತಿ ಎತ್ತಿದ ಮೇಲೆ ನಾನು ಬಗ್ಗಿ ನೋಡಿದೆ. ಎರಡರ ಮೇಲೂ ಕೆಳಗಿನ ಗೆರೆಗೂ ಚೀಟಿಗೂ ನಡುವೆ ಸರಿಯಾಗಿ ಒಂದು ಬೆರಳಿನಷ್ಟು ಜಾಗ ಬಿಟ್ಟಿತ್ತು.